ಮೇಸ್ತ್ರಿಯ ಕಿವಿಯಲ್ಲಿ ಗಡಿಯಾರ

"ಇವತ್ತಿನಿಂದ ಈ ಮನೆಯ ಒಂದೇ ಒಂದು ಸದ್ದು ನನ್ನ ಕಿವಿಗೆ ಬಿದ್ರೆ ನನ್ನನ್ನ ಮೇಸ್ತ್ರಿ ಅಂತ ಕರೀಬೇಡಿ!"

ಬಡಗಿ ಮೇಸ್ತ್ರಿಗಳು ಮರದ ಹೊಟ್ಟಿನ ನಡುವೆ ನಿಂತು ಹೀಗೆಂದು ಘೋಷಿಸಿದರು. ಅಂಗೈಯಲ್ಲಿ ಪುಟ್ಟ ಬಿಳಿ ಡಬ್ಬಿ. ಅದರೊಳಗೆ ವೈರ್ ಇಲ್ಲದ, ಕಿವಿಯೊಳಗೇ ಕೂರುವ, ಅಂಗಡಿಯವನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ ದುಬಾರಿ ಇಯರ್‌ಫೋನ್ ಜೋಡಿ.

ಹೆಂಡತಿ ಕನ್ನಡಕ ಏರಿಸಿ ಬಗ್ಗಿ ನೋಡಿದಳು. "ಇದಾ? ಅಂಗಿ ಗುಂಡಿ ಥರ ಇದೆಯಲ್ರೀ!"

"ಗುಂಡಿಯಲ್ಲ ಕಣೇ, ಕೋಟೆ! ಹಾಕ್ಕೊಂಡ್ರೆ ಹೊರಗಿನ ಗದ್ದಲ ಒಳಗೆ ಬರೋ ಹಾಗೇ ಇಲ್ಲ."

"ಒಳಗಿನ ಗದ್ದಲ ಹೊರಗೆ ಬರದ ಹಾಗೆ ಬಾಯಿಗೆ ಹಾಕೋದು ಸಿಗಲಿಲ್ವಾ?"

ಅವಳು ಹಾಗೆ ಅಂದದ್ದರಲ್ಲಿ ತಪ್ಪೇನಿಲ್ಲ ಬಿಡಿ. ಮೇಸ್ತ್ರಿಗಳ ಕೈ ಚಿನ್ನ. ಬಾಯಿ ಮಾತ್ರ ಮೊಂಡು ಉಳಿ. ಭಾವಮೈದುನ ಹೊಸ ಮನೆ ಕಟ್ಟಿಸಿ ಪ್ರೀತಿಯಿಂದ ಕರೆದಾಗ, ಇವರು ಮುಂಬಾಗಿಲನ್ನು ಕುಟ್ಟಿ ನೋಡಿ, "ಇದು ಎರಡು ವರ್ಷ ಬಂದ್ರೆ ನಿನ್ನ ಪುಣ್ಯ" ಅಂದಿದ್ದರು. ಏಳು ವರ್ಷವಾಯಿತು. ಬಾಗಿಲು ಗಟ್ಟಿಯಾಗೇ ಇದೆ, ಮುರಿದದ್ದು ಸಂಬಂಧ.

ಈಗ ಅಂಥ ಬಾಯಿಯ ಮೇಲೆ ಮಗಳ ಮದುವೆ ನಿಂತಿತ್ತು. ಅವಳು ಮೆಚ್ಚಿದ ಹುಡುಗನ ತಂದೆ ಊರಿನ ಆ ತುದಿಯಲ್ಲಿ ಗಡಿಯಾರ ರಿಪೇರಿ ಮಾಡುವವರು. ಮಿತಭಾಷಿ, ಕಡ್ಡಿ ಮುರಿದಂತೆ ಮಾತು. "ಹುಡುಗಿಯ ತಂದೆ ಜೊತೆ ಕೂತು ಮಾತಾಡದೆ ನಾನು ಹೂಂ ಅನ್ನಲ್ಲ" ಎಂದಿದ್ದರು. ಭಾನುವಾರ ಹನ್ನೊಂದಕ್ಕೆ ಭೇಟಿ.

"ಅಪ್ಪಾ, ನಿನ್ನ ದಮ್ಮಯ್ಯ" ಎಂದು ಮಗಳು ಗೋಗರೆದಿದ್ದಳು. "ನಾಲ್ಕೇ ನಾಲ್ಕು ಒಳ್ಳೆ ಮಾತಾಡು. ಅವರ ಮನೆ ಬಾಗಿಲು ಮಾತ್ರ ಕುಟ್ಟಬೇಡ."

ಆದ್ದರಿಂದ ಮೇಸ್ತ್ರಿಗಳು ಭಾಷಣ ಅಭ್ಯಾಸ ಮಾಡಬೇಕಿತ್ತು. ಅಭ್ಯಾಸಕ್ಕೆ ಏಕಾಂತ ಬೇಕು, ಏಕಾಂತಕ್ಕೆ ಕೋಟೆ ಬೇಕು. ಮಗಳು ಇಯರ್‌ಫೋನನ್ನು ಅಪ್ಪನ ಫೋನಿಗೆ ಜೋಡಿಸಿದಳು. ಅದೇ ಫೋನಿನಿಂದ ಗಡಿಯಾರದವರಿಗೆ ಕರೆ ಮಾಡಿಸಿದಳು. "ಭಾನುವಾರ ಬರ್ತೀವಿ" ಎಂದು ಮೇಸ್ತ್ರಿಗಳು ಬೆವರುತ್ತಾ ಹೇಳಿ ಇಟ್ಟರು. ಆಮೇಲೆ ಅವಳು ಆ ಗುಂಡಿಗಳನ್ನು ಬಳಸುವ ವಿಧಾನ ವಿವರಿಸತೊಡಗಿದಳು. ಅಷ್ಟರಲ್ಲಿ ಇವರು ಎರಡನ್ನೂ ಕಿವಿಗೆ ತುರುಕಿ ಆಗಿತ್ತು! ಮಗಳ ತುಟಿ ಅಲ್ಲಾಡಿತು. ಇವರು ಎಲ್ಲ ತಿಳಿದವರಂತೆ ತಲೆಯಾಡಿಸಿ ಕೊಟ್ಟಿಗೆಯಂಥ ತಮ್ಮ ಕೆಲಸದ ಕೋಣೆಗೆ ನಡೆದರು.

ಮೇಸ್ತ್ರಿಗಳಿಗೆ ಮೂವತ್ತು ವರ್ಷದ ಒಂದು ಅಭ್ಯಾಸ. ಹಲಗೆಗೆ ಗೆರೆ ಎಳೆದ ಮೇಲೆ ಪೆನ್ಸಿಲನ್ನು ಎಡಗಿವಿಗೆ ಸಿಕ್ಕಿಸುವುದು, ಬೀಳದಿರಲೆಂದು ಟಪ್ ಟಪ್ ಎಂದು ಎರಡು ಸಲ ತಟ್ಟುವುದು. ಅಂದೂ ಗೆರೆ ಎಳೆದರು, ಸಿಕ್ಕಿಸಿದರು, ತಟ್ಟಿದರು, ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಮಾನ್ಯರೇ! ಕಾಲಚಕ್ರದ ಒಡೆಯರೇ!"

ಕಿವಿಯಲ್ಲಿ ಟ್ರಿಣ್ ಟ್ರಿಣ್ ಎಂದಿತು. ಆಮೇಲೆ ಯಾರೋ ಗಂಡಸು, "ಹಲೋ? ಯಾರು?" ಅಂದ.

ಮೇಸ್ತ್ರಿಗಳು ಸುತ್ತ ನೋಡಿದರು. ಯಾರೂ ಇಲ್ಲ! ಆಗಲೇ ಕಿವಿಗೆ ತುರುಕಿದಾಗ ಇದೇ ಯಂತ್ರದಲ್ಲಿ ಒಬ್ಬ ಹೆಂಗಸು ಬ್ಯಾಟರಿ ತುಂಬಿದೆ ಎಂದಿದ್ದಳು. ದುಬಾರಿ ಮಾಲು, ಗಂಡಸನ್ನೂ ಇಟ್ಟಿರಬೇಕು ಅಂದುಕೊಂಡರು. "ಸುಮ್ನಿರಯ್ಯಾ, ಕೆಲಸದಲ್ಲಿದ್ದೀನಿ!" ಎಂದು ಗದರಿದರು. ಗಂಡಸು ಗಪ್‌ಚುಪ್. ಅವನ ಬದಲು ಟಿಕ್ ಟಿಕ್ ಟಿಕ್ ಎಂಬ ಸದ್ದು ಶುರುವಾಯಿತು. ಒಂದಲ್ಲ, ನೂರಾರು ಟಿಕ್ಕುಗಳು!

ಗಾಬರಿಯಿಂದ ಕಿತ್ತು ಹೆಂಡತಿಯ ಬಳಿ ಓಡಿದರು. "ನೋಡೇ, ಇದರೊಳಗೆ ಹುಳ ಹೊಕ್ಕಿದೆ!"

ಅವಳು ಎರಡನ್ನೂ ಕಿವಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಬಹಳ ಹೊತ್ತು ತೆರೆಯಲೇ ಇಲ್ಲ. ಮೇಸ್ತ್ರಿಗಳು ಏನೇನೋ ಹೇಳಿದರು, ಕೈ ಬೀಸಿದರು, ಕೊನೆಗೆ ಭುಜ ಅಲುಗಿಸಿದರು.

"ಟಿಕ್ಕೂ ಇಲ್ಲ, ಹುಳವೂ ಇಲ್ಲ. ಎಷ್ಟು ಹಾಯಾಗಿದೆ ಅಂತೀರಾ!" ಎಂದು ನಿಟ್ಟುಸಿರು ಬಿಟ್ಟು ಒಲ್ಲದ ಮನಸ್ಸಿನಿಂದ ವಾಪಸು ಕೊಟ್ಟಳು.

ಅಂಗಡಿಗೆ ಹೋಗಿ ಕೇಳಿದರೆ ಅವನು, "ಅಪ್‌ಡೇಟ್ ಬಂದ್ರೆ ಸರಿಹೋಗುತ್ತೆ ಸಾರ್" ಅಂದ. ಯಾರು ಬರಬೇಕು, ಎಲ್ಲಿಗೆ ಬರಬೇಕು, ಮೇಸ್ತ್ರಿಗಳಿಗೆ ತಲೆಬುಡ ತಿಳಿಯಲಿಲ್ಲ. ಭಾನುವಾರ ಹತ್ತಿರವಾಗುತ್ತಿತ್ತು. ಹಾಳಾಗಿ ಹೋಗಲಿ ಎಂದು, ಪ್ರತಿ ಸಲವೂ ಗೆರೆ ಎಳೆದು, ಪೆನ್ಸಿಲ್ ಸಿಕ್ಕಿಸಿ, ತಟ್ಟಿ, ಅಭ್ಯಾಸ ಮುಂದುವರಿಸಿದರು. ಎರಡನೆಯ ಭಾಷಣ ಉದ್ದವಾಯಿತು, ಮೂರನೆಯದು ಅರ್ಧಕ್ಕೆ ನಿಂತಿತು. ನಾಲ್ಕನೆಯದಕ್ಕೆ ಸಿಟ್ಟು ಬಂದು, "ಹೋಗಯ್ಯಾ ಗಡಿಯಾರದ ಗೂಬೆ! ನನ್ನ ಮಗಳಂಥ ಹುಡುಗಿ ನಿನಗೆ ಏಳು ಜನ್ಮಕ್ಕೂ ಸಿಗಲ್ಲ!" ಎಂದು ಗರಗಸ ಬೀಸಿದರು. ಕಿವಿಯಲ್ಲಿ ಯಾರೋ ಕಿಸಕ್ಕೆಂದರು. ಏಳನೆಯದರಲ್ಲಿ ಭಾಷಣವೇ ಮರೆತು ಏನೇನೋ ತೊದಲಿ, "ಛೇ, ಇದೂ ಒಂದು ಮಾತಾ!" ಎಂದು ಕಣ್ಣೊರೆಸಿಕೊಂಡರು. ಆ ಹೊತ್ತಿಗೆ ಸರಿಯಾಗಿ ಕಿವಿಯೊಳಗೆ ಢಣ್ ಢಣ್ ಎಂದು ಹನ್ನೆರಡು ಸಲ ಬಡಿಯಿತು! ಎಲ್ಲ ಮುಗಿದ ಮೇಲೆ ಒಂದು ಒಡಕು ಸದ್ದು ತಡವಾಗಿ, ತಟ್ಟೆಗೆ ಚಮಚ ಬಡಿದಂತೆ ಠಕ್ ಠಕ್ ಎಂದು ಶುರುವಾಯಿತು. ಮೇಸ್ತ್ರಿಗಳು ತಲೆ ಹಿಡಿದು ಹೊಟ್ಟಿನ ಮೇಲೆ ಕುಳಿತುಬಿಟ್ಟರು. ಹುಚ್ಚು ಹಿಡಿಯುವುದೆಂದರೆ ಇದೇ ಇರಬೇಕು ಎಂದು ಅವರಿಗೆ ನಿಜವಾಗಿಯೂ ಭಯವಾಯಿತು. ಆದರೂ ಹನ್ನೊಂದು ಭಾಷಣ ಮುಗಿಸಿದರು.

ಭಾನುವಾರ ಹೊರಡುವಾಗ ಹೆಂಡತಿ ಕೈ ಚಾಚಿದಳು. "ಆ ಡಬ್ಬಿ ಇಲ್ಲಿ ಕೊಡಿ. ಅಲ್ಲೂ ಹಾಕ್ಕೊಂಡು ಕೂತೀರಿ."

ಗಡಿಯಾರದವರ ಮನೆಯ ಮುಂಗೋಣೆಯೇ ಅಂಗಡಿ. ಗೋಡೆ ತುಂಬ ಗಡಿಯಾರ. ಹೆಂಡತಿ ಕೂದಲು ಸರಿಪಡಿಸಿಕೊಂಡು ಮೂಲೆಯ ಕುರ್ಚಿಯಲ್ಲಿ ಮುಗುಳ್ನಗುತ್ತಾ ಕುಳಿತಳು. ಮಗಳು ಉಗುರು ಕಚ್ಚುತ್ತಾ ನಿಂತಳು. ಮೇಸ್ತ್ರಿಗಳು ಬಾಗಿಲ ಕಡೆ ಕಣ್ಣೆತ್ತಿಯೂ ನೋಡದೆ ಎದ್ದು ನಿಂತರು.

"ಮಾನ್ಯರೇ!"

"ಕಾಲಚಕ್ರದ ಒಡೆಯರೇ" ಎಂದು ಗಡಿಯಾರದವರು ಮುಂದುವರಿಸಿದರು.

ಮೇಸ್ತ್ರಿಗಳು ಕಕ್ಕಾಬಿಕ್ಕಿ! ಆಗಲೇ ಗೋಡೆಯ ಗಡಿಯಾರಗಳೆಲ್ಲ ಹನ್ನೊಂದು ಬಡಿದವು. ಕೊನೆಗೆ ಒಂದು ಒಡಕು ಗಡಿಯಾರ ತಡವಾಗಿ ಠಕ್ ಠಕ್ ಎಂದಿತು. ಮೇಸ್ತ್ರಿಗಳ ಕೈ ತಾನಾಗಿ ಎಡಗಿವಿಗೆ ಹೋಯಿತು.

"ಅಪ್ಪಾ!" ಮಗಳ ಮುಖ ಬಿಳಿಚಿತು. "ಎರಡು ಸಲ ತಟ್ಟಿದ್ರೆ ಕೊನೇಲಿ ಮಾತಾಡಿದವರಿಗೇ ಫೋನ್ ಹೋಗುತ್ತೆ, ಕಿವಿಯಿಂದ ಕಿತ್ರೆ ಕಟ್ ಆಗುತ್ತೆ ಅಂತ ಆವತ್ತೇ ಹೇಳಿದ್ನಲ್ಲ!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಮೇಸ್ತ್ರಿಗಳಿಗೆ. ಗೂಬೆ ಅಂದದ್ದು ನೆನಪಾಯಿತು. ಮಗಳ ಬಾಳು ಕೈಯಾರೆ ಕೆಡಿಸಿದೆನಲ್ಲ!

"ಮೊದಲ ಸಲ ಹಲೋ ಅಂದೆ, ಬೈದ್ರಿ" ಎಂದರು ಗಡಿಯಾರದವರು ನಿಧಾನವಾಗಿ. "ಆಮೇಲೆ ಇಡೋಕೆ ಮನಸ್ಸೇ ಬರಲಿಲ್ಲ. ಹನ್ನೊಂದೂ ಕೇಳಿದ್ದೀನಿ. ನಾಲ್ಕನೇದು ಬೇಡ. ಏಳನೇದು ಹೇಳಿ."

ಮೇಸ್ತ್ರಿಗಳು ಕಿವಿಯಿಂದ ಕೈ ಇಳಿಸಿದರು.

"ನನಗೆ ಮಾತು ಬರಲ್ಲ ಸ್ವಾಮಿ. ಇವಳು ಹುಟ್ಟಿದಾಗ ತೊಟ್ಟಿಲು ನಾನೇ ಮಾಡಿದ್ದೆ. ಯಾರು ಕೇಳಿದ್ರೂ ಕೊಡದೆ ಅಟ್ಟದ ಮೇಲಿಟ್ಟಿದ್ದೀನಿ. ಇವಳನ್ನ ಕಳಿಸೋಕೆ ನನಗೆ ಮನಸ್ಸಿಲ್ಲ, ಸುಳ್ಳು ಯಾಕೆ ಹೇಳಲಿ. ಆದ್ರೆ ನಿಮ್ಮ ಹುಡುಗನ ಹೆಸರೆತ್ತಿದ್ರೆ ಇವಳ ಮುಖ ಅರಳುತ್ತೆ. ಅದನ್ನ ನೋಡಿದ ಮೇಲೆ ಬೇಡ ಅನ್ನೋಕೆ ನಾನ್ಯಾರು?"

ಗಡಿಯಾರದವರು ಚಕ್ರ ಒರೆಸುವ ಬಟ್ಟೆಯಿಂದ ಕಣ್ಣೊರೆಸಿಕೊಂಡು, "ಹೂಂ" ಅಂದರು. ಮಗಳು ಅಪ್ಪನ ಕುತ್ತಿಗೆಗೆ ಜೋತುಬಿದ್ದು ಅತ್ತೇಬಿಟ್ಟಳು.

ಜನ್ಮದಲ್ಲಿ ಮೊದಲ ಸಲ ಬಾಯಿ ಗೆದ್ದಿತ್ತು! ಮೇಸ್ತ್ರಿಗಳು ಎದೆಯುಬ್ಬಿಸಿ ಹೆಂಡತಿಯ ಕಡೆ ತಿರುಗಿದರು. ಅವಳು ಆ ಮೂಲೆಯಲ್ಲಿ ಕಣ್ಣು ಮುಚ್ಚಿ ಇನ್ನೂ ಅದೇ ಮುಗುಳ್ನಗೆಯಲ್ಲಿ ಕುಳಿತಿದ್ದಳು. ಭುಜ ಅಲುಗಿಸಿದರು. ಅವಳು ಕಣ್ಣು ತೆರೆದು, ಕೂದಲು ಸರಿಸಿ, ಕಿವಿಯಿಂದ ಬಿಳಿ ಗುಂಡಿ ತೆಗೆದಳು.

"ಮುಗೀತಾ? ಎಷ್ಟು ಕೆಡಿಸಿದ್ರಿ ಬೇಗ ಹೇಳಿ, ಅವರ ಹತ್ರ ಕ್ಷಮೆ ಕೇಳಬೇಕು!"