ಬಸವಪ್ರಭುವಿನ ಫ್ರೆಂಚ್ ಸಿಂಫನಿ

ಫೋನಿನಲ್ಲಿ "ಗೊತ್ತದ್ರಿ" ಅಂದದ್ದೇ ಬಸವಪ್ರಭುವಿಗೆ ಮುಳುವಾಯಿತು. ಭಾನುವಾರ ಬೆಳಿಗ್ಗೆ ಹಾಗೆ ಹೇಳಿಸಿದವರು ಅವನ ಆಫೀಸಿನ ಮ್ಯಾನೇಜರ್, ಬೆಳಗಾವಿ ಕಡೆಯ ಮಧುಕರರಾಯರು.

"ನೀವು ಧಾರವಾಡದವರು, ಸಂಗೀತ ಗೊತ್ತಿರಬೇಕಲ್ರಿ? ನನ್ನ ಹೆಂಡ್ತಿ ಶರ್ವರಿ ಆರ್ಕೆಸ್ಟ್ರಾದಾಗ ವಾಯೊಲಿನ್ ಬಾರಸ್ತಾಳ. ಇವತ್ತ ಸಂಜಿಗೆ ಯಾವುದೋ ಫ್ರೆಂಚ್ ಸಿಂಫನಿ. ಬಂದು ಕೇಳಿ, ಆಕಿಗೆ ನಾಕ್ ಚಲೋ ಮಾತ್ ಹೇಳ್ರಿ."

ಧಾರವಾಡದಲ್ಲಿ ಬಸವಪ್ರಭು ಕಲಿತದ್ದು ಬಿ.ಕಾಂ. ಆದರೆ ಹುಬ್ಬಳ್ಳಿಗೆ ಅವನ ವರ್ಗಾವಣೆ ರಾಯರ ಕೈಯಲ್ಲಿತ್ತು. ಮದುವೆಯಾಗಿ ವರ್ಷವಾದರೂ ಹೆಂಡತಿ ನೀತಾ ಹುಬ್ಬಳ್ಳಿಯ ಶಾಲೆಯಲ್ಲಿ, ಇವನು ರಾಜ್ಯದ ಗಡಿಯಾಚೆ, ದೂರದ ಧನಕವಡಿಯ ಬಾಡಿಗೆ ಫ್ಲ್ಯಾಟಿನಲ್ಲಿ. ಸಂಜೆಯೊಳಗೆ ಆ ಸಿಂಫನಿಯನ್ನು ಅರಗಿಸಿಕೊಂಡೇ ತೀರುತ್ತೇನೆಂದು ಹಟ ತೊಟ್ಟು, ಕಾರ್ಯಕ್ರಮದ ಜಾಹೀರಾತಿನಲ್ಲಿ ಹೆಸರು ನೋಡಿ ಅದನ್ನು ಹುಡುಕಿ, ಮೊಬೈಲನ್ನು ಸ್ಪೀಕರಿಗೆ ಜೋಡಿಸಿದ.

ಮೊದಲು ಏನೂ ಕೇಳಲಿಲ್ಲ. ವಾಲ್ಯೂಮ್ ಏರಿಸಿದ. ದಪ್ಪ ದನಿಯ ತಂತಿವಾದ್ಯಗಳು ಕತ್ತಲಲ್ಲಿ ಚಪ್ಪಲಿ ಹುಡುಕುವವರಂತೆ ತಡವರಿಸುತ್ತಿದ್ದವು. ಇನ್ನಷ್ಟು ಏರಿಸಿದ. ಆಗ ತುತ್ತೂರಿಗಳೆಲ್ಲ ಒಮ್ಮೆಲೇ ಮೊರೆದು, ಕಿಟಕಿಯ ಗಾಜು ನಡುಗಿತು.

ಪಕ್ಕದ ಮನೆಯ ಗೌರಾಬಾಯಿ ಸೌಟು ಹಿಡಿದೇ ಓಡಿಬಂದರು.

"ಯಾರ ಮದುವಿನೋ ತಮ್ಮಾ?"

"ಮದುವಿ ಅಲ್ರಿ ಕಾಕು. ಫ್ರಾನ್ಸಿನ ಸಂಗೀತ."

ಬೈಯಲು ಬಂದವರು ಎರಡನೆಯ ಭಾಗ ಶುರುವಾದಾಗ ಸೌಟು ಕೆಳಗಿಳಿಸಿದರು. ಹಾರ್ಪಿನ ತಂತಿಗಳು ಹನಿ ಹನಿಯಾಗಿ ತೊಟ್ಟಿಕ್ಕಿದವು. ಅವುಗಳ ಮೇಲೆ ಒಂದು ಊದುವ ವಾದ್ಯ ಒಂಟಿಯಾಗಿ ಹಾಡಿತು.

"ತವರು ಬಿಟ್ಟು ಹೊಂಟಾಕಿ ಹೊಳ್ಳಿ ಹೊಳ್ಳಿ ನೋಡಿದಂಗ ಅದನೋ," ಎಂದು ಗೌರಾಬಾಯಿ ಕೂತು ಕಣ್ಣೊರೆಸಿಕೊಂಡರು. ಅತ್ತ ಅವರ ಒಲೆಯ ಮೇಲೆ ಸಾರು ಸೀದು, ಮೆಟ್ಟಿಲ ತುಂಬ ಹೊಗೆ ಹರಡಿತು.

ಫ್ಲ್ಯಾಟುಗಳ ಸೊಸಾಯಿಟಿಯ ಸೆಕ್ರೆಟರಿ ಈರಬಸಪ್ಪ ಏದುಸಿರು ಬಿಡುತ್ತ ಬಂದರು. "ಮೊದಲ ಸದ್ದು, ಈಗ ಹೊಗಿ. ಬಂದ್ ಮಾಡ್ರಿ ಅದನ್ನ."

"ಕಡೀ ಭಾಗ ಉಳದದ್ರಿ. ಬಂದ್ ಮಾಡಂಗಿಲ್ಲ."

ಈರಬಸಪ್ಪ ಕೆಳಗಿಳಿದು ಅವನ ಫ್ಲ್ಯಾಟಿನ ಕರೆಂಟನ್ನೇ ತೆಗೆದರು. ಸ್ಪೀಕರ್ ಸತ್ತಿತು. ಬಸವಪ್ರಭು ಬಗ್ಗಲಿಲ್ಲ, ಮೊಬೈಲನ್ನು ಸ್ಟೀಲ್ ಬೋಗುಣಿಯೊಳಗಿಟ್ಟು, ತಲೆಯನ್ನೂ ಒಳಗೆ ತೂರಿಸಿ ಕೇಳಿದ. ಹಿಂದಿನ ಭಾಗಗಳ ರಾಗಗಳೆಲ್ಲ, ಹೋಗಿಬಿಟ್ಟರು ಅಂದುಕೊಂಡ ನೆಂಟರು ಊಟದ ಹೊತ್ತಿಗೆ ಮರಳಿದಂತೆ, ಒಂದೊಂದಾಗಿ ಬಂದು ಸೇರಿಕೊಂಡವು.

ಸಂಜೆ ಸಂಗೀತ ಕಛೇರಿ ಮುಗಿದಾಗ ಶರ್ವರಿ ಎದುರು ಬಂದು ನಿಂತರು. "ಹೆಂಗ ಅನಿಸ್ತ್ರಿ?"

"ಈ ಸಂಗೀತ ಮೊದಲ ಅಂಜಿಕೋತ ಕೇಳಿದ ಮಾತನ್ನಽ ಕಡೀಕ ಎದಿಯೆತ್ತಿ ಹೇಳತದ್ರಿ. ನಡುವ ಆ ಒಂಟಿ ದನಿ ಕೇಳಿ ನನಗ ನಮ್ಮನಿಯಾಕಿ ನೆನಪಾದ್ಲು," ಅಂದ ಬಸವಪ್ರಭು. ಅದು ನಿಜವೇ ಆಗಿತ್ತು.

ಶರ್ವರಿಯವರ ಮುಖ ಅರಳಿತು. ಗಂಡನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ರಾಯರು ನಗುತ್ತ ಬಂದು ಬಸವಪ್ರಭುವಿನ ಕೈ ಹಿಡಿದುಕೊಂಡರು.

"ಭಾಳ ಉಪಕಾರ ಮಾಡಿದ್ರಿ. ಇನ್ನ ಪ್ರತಿ ಭಾನುವಾರ ತಾಲೀಮು ಕೇಳಾಕ ನೀವಽ ಬೇಕಂತ ಆಕಿಗೆ. ನಾನು ಮನ್ಯಾಗ ಆರಾಮ ಮಲಕೋಬಹುದು."

"ಆದ್ರ ಸರ್, ನನ್ನ ಹುಬ್ಬಳ್ಳಿ ವರ್ಗಾ..."

"ಶುಕ್ರವಾರನಽ ಸಹಿ ಮಾಡಿ ಇಟ್ಟಿದ್ದೆರಿ, ನಾಳೆ ನಿಮ್ಮ ಕೈಗೆ ಕೊಡಾವ ಇದ್ದೆ. ಇಂಥಾ ಮನಶ್ಯಾನ್ನ ಈಗ ಹೆಂಗ ಬಿಡ್ಲಿ? ರದ್ದ ಮಾಡ್ತೀನಿ."

ಬಸವಪ್ರಭು ಬಾಯಿ ತೆರೆಯುವಷ್ಟರಲ್ಲಿ ವೇದಿಕೆಯ ಕಡೆಯಿಂದ ಶರ್ವರಿ ಕೂಗಿ ಹೇಳಿದರು: "ಮುಂದಿನ ಭಾನುವಾರದ್ದು ಇದಕ್ಕಿಂತ ಉದ್ದ ಅದರಿ."