ಸಿಟ್ಟು ಇಳಿಸುವ ಆಟ ದೊರೆಯದಿರುವ ಬಗ್ಗೆ

ಮನುಷ್ಯನಿಗೆ ಸಿಟ್ಟು ಬರುವುದು ಸಹಜ. ಆದರೆ ಸಿಟ್ಟು ಇಳಿಸಲೆಂದೇ ತಯಾರಾದ ವಸ್ತುವಿನಿಂದಲೂ ಸಿಟ್ಟು ಬರುವುದಾದರೆ ಆತ ಯಾರಿಗೆ ದೂರು ಸಲ್ಲಿಸಬೇಕು ಎಂಬ ಬಗ್ಗೆ ನನಗೆ ತಿಳಿದಂತೆ ಯಾವ ಸುತ್ತೋಲೆಯೂ ಇಲ್ಲ. ಆದ್ದರಿಂದ ಸದರಿ ವಿಷಯವನ್ನು ನೇರವಾಗಿ ಓದುಗರ ಅವಗಾಹನೆಗೆ ತರುತ್ತಿದ್ದೇನೆ. ನಾನು ತಿ. ನರಸೀಪುರದ ಒಂದು ಕಚೇರಿಯಲ್ಲಿ ಗುಮಾಸ್ತ, ವಾಸ ನಂಜನಗೂಡು. ಕಚೇರಿಯ ಟಿಪ್ಪಣಿಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲ. ಮುಂದೆ ಎಲ್ಲಿಯಾದರೂ ಭಾಷೆ ಏರುಪೇರಾದಲ್ಲಿ ಅದಕ್ಕೆ ನನ್ನ ರಕ್ತದೊತ್ತಡವನ್ನೇ ಹೊಣೆ ಮಾಡಬೇಕಾಗಿ ಕೋರುತ್ತೇನೆ.

ಮೊಬೈಲು ಎಂಬುದು ಸಾಬೂನಿನ ಬಿಲ್ಲೆಯಂತಿದ್ದು, ಅದರ ಪರದೆಯಲ್ಲಿ ಕಪ್ಪು ಚುಕ್ಕೆಗಳ ವಿನಾ ಏನೂ ಕಾಣದಿದ್ದ ಕಾಲದಲ್ಲಿ ನನಗೆ ಹರ್ನಿಯಾ ಆಯಿತು. ಬಸ್ಸಿನಲ್ಲಿ ಪ್ರತಿ ಗುಂಡಿಗೂ ಕಿಬ್ಬೊಟ್ಟೆಯನ್ನು ಕೈಯಿಂದ ಒತ್ತಿಹಿಡಿದು ಕೂರಬೇಕಾಗಿತ್ತು. ಪಕ್ಕದವರು ನನಗೆ ವಾಂತಿ ಬರುತ್ತಿದೆಯೆಂದು ಭಾವಿಸಿ ಗಾಬರಿಯಿಂದ ಕಿಟಕಿಯ ಜಾಗ ಬಿಟ್ಟುಕೊಡುತ್ತಿದ್ದರು. ಸದರಿ ಕಾಯಿಲೆಯಿಂದ ನನಗಾದ ಏಕೈಕ ಅನುಕೂಲ ಇದೇ. ಆಪರೇಷನ್ ಮಾಡಿಸಿಕೊಂಡು ನೆಟ್ಟಗೆ ನಡೆಯೋಣವೆಂದು ನಂಜನಗೂಡಿನ ನಮ್ಮ ಡಾಕ್ಟರ ಬಳಿ ಹೋದರೆ, ಅವರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಹುಬ್ಬೇರಿಸಿದರು. ಒತ್ತಡ ಇಳಿಯುವವರೆಗೆ ಕತ್ತಿ ಮುಟ್ಟುವುದಿಲ್ಲ ಎಂದರು. ಮಾತ್ರೆ ಕೊಟ್ಟರು. ಅದರ ಜೊತೆಗೆ ಮನಸ್ಸಿಗೂ ವಿಶ್ರಾಂತಿ ಬೇಕು, ಪುಸ್ತಕ ಓದಿ ಎಂದರು.

ಇಲ್ಲಿ ಒಂದು ಸಂಗತಿಯನ್ನು ನಿವೇದಿಸಲೇಬೇಕಾಗಿದೆ. ವರ್ಷಗಟ್ಟಲೆ ಕಡತ ನೋಡಿದ ನನ್ನ ಗಮನವು ಯಾವ ಬರಹದಲ್ಲೂ ಮೊದಲ ಸಾಲಿನಿಂದ ನೇರವಾಗಿ ಕೊನೆಯ ಸಹಿಗೆ ಜಿಗಿಯುತ್ತದೆ. ನಡುವಿನದು ನನಗೆ ಸಂಬಂಧಿಸಿದ್ದಲ್ಲ. ಧ್ಯಾನಕ್ಕೆ ಕುಳಿತರೆ, ಬಾಗಿಲೆದುರು ಸ್ಕೂಟರು ನಿಲ್ಲಿಸುವ ಪಕ್ಕದ ಮನೆಯವನೇ ಕಣ್ಣಮುಂದೆ ಬರುತ್ತಾನೆ. ಇದನ್ನು ಡಾಕ್ಟರಿಗೆ ಅರಿಕೆ ಮಾಡಿಕೊಂಡಾಗ ಅವರು, ಹಾಗಾದರೆ ಹಗುರವಾದ ಯಾವುದಾದರೂ ವಿಡಿಯೋ ಗೇಮ್ ಆಡಿ, ಗಮನ ಹೆಚ್ಚು ಬೇಡದಂಥದ್ದು, ತಲೆ ತಣ್ಣಗಾಗುತ್ತದೆ ಎಂದು ನಕ್ಕರು. ಅವರು ನಕ್ಕದ್ದಕ್ಕೂ ನನಗೆ ಸಿಟ್ಟು ಬಂತು.

ಮೊದಲಿಗೆ ಸಂತೆಯಲ್ಲಿ ಸಿಕ್ಕಿದ್ದು ಅಂಗೈಯಗಲದ ಒಂದು ಪೆಟ್ಟಿಗೆ. ಮೇಲಿನಿಂದ ಇಟ್ಟಿಗೆ ಬೀಳುತ್ತದೆ, ನಾವು ತಿರುಗಿಸಿ ಜೋಡಿಸಬೇಕು. ಚೆನ್ನಾಗಿ ಜೋಡಿಸಿದೆ. ಪ್ರತಿಫಲವೇನು? ಇಟ್ಟಿಗೆಗಳು ಮತ್ತಷ್ಟು ವೇಗವಾಗಿ ಬೀಳತೊಡಗಿದವು. ಚೆನ್ನಾಗಿ ಕೆಲಸ ಮಾಡುವವನ ಮೇಜಿನ ಮೇಲೆಯೇ ಇನ್ನಷ್ಟು ಕಡತ ಹೇರುವ ಈ ಪದ್ಧತಿಯನ್ನು ನಾನು ಕಚೇರಿಯಲ್ಲಿ ಸಂಬಳ ಪಡೆದು ಸಹಿಸುತ್ತಿದ್ದೇನೆ. ಮನೆಯಲ್ಲಿ ಬಿಟ್ಟಿಯಾಗಿ ಏಕೆ ಸಹಿಸಲಿ? ಪೆಟ್ಟಿಗೆಯನ್ನು ಅಟ್ಟದ ಮೇಲೆ ಎಸೆದೆ. ಅಲ್ಲಿಂದಲೂ ಅದು ಕೆಲಕಾಲ ಸಂಗೀತ ನುಡಿಸುತ್ತಿತ್ತು.

ತರುವಾಯ ಕಚೇರಿಯ ಕಂಪ್ಯೂಟರಿನಲ್ಲಿ ಊಟದ ವಿರಾಮಕ್ಕೆ ನೆಲದಲ್ಲಿ ಹೂತಿಟ್ಟ ಬಾಂಬು ಹುಡುಕುವ ಆಟ. ಬೂದುಬಣ್ಣದ ಚೌಕಗಳು, ಅವುಗಳ ನಡುವೆ ಅಂಕಿಗಳು. ನೋಡಲು ನಮ್ಮ ಸರ್ವೆ ನಕ್ಷೆಯಷ್ಟೇ ಶಾಂತ. ಒಂದು ಚೌಕ ಒತ್ತಿದೆ, ಇನ್ನೊಂದು ಒತ್ತಿದೆ, ಢಮ್. ನೋಟೀಸಿಲ್ಲ, ವಿವರಣೆ ಸಲ್ಲಿಸಲು ಕಾಲಾವಕಾಶವಿಲ್ಲ, ಒಮ್ಮೆಲೇ ವಜಾ. ನನ್ನ ಹಿಂದೆ ನಿಂತು ಬುತ್ತಿ ತಿನ್ನುತ್ತಿದ್ದ ಸಹೋದ್ಯೋಗಿ ನಂಜುಂಡಸ್ವಾಮಿ, "ಅಲ್ಲೇ ಬಾಂಬಿತ್ತು ಅಂತ ನಂಗೊತ್ತಿತ್ತು ಕಣ್ರೀ" ಎಂದರು. ಗೊತ್ತಿದ್ದರೆ ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, ನೀವು ಕೇಳಲಿಲ್ಲವಲ್ಲ ಎಂದು ಉಪ್ಪಿನಕಾಯಿ ಚೀಪಿದರು. ಆ ಮಧ್ಯಾಹ್ನ ನಾನು ಯಾರ ಅರ್ಜಿಯನ್ನೂ ಸರಿಯಾಗಿ ನೋಡಲಿಲ್ಲ.

ಕೊನೆಗೆ ಉಳಿದದ್ದು ಮೊಬೈಲಿನ ಹಾವಿನ ಆಟ. ಹಾವು ಓಡಾಡುತ್ತದೆ, ಚುಕ್ಕೆ ತಿನ್ನುತ್ತದೆ, ಉದ್ದವಾಗುತ್ತದೆ. ಗೋಡೆಗಾಗಲಿ ತನ್ನ ಮೈಗಾಗಲಿ ತಗುಲಿದರೆ ಸಾಯುತ್ತದೆ. ನನ್ನ ಗಮನದ ಅಳತೆಗೆ ಹೇಳಿ ಮಾಡಿಸಿದಂತಿತ್ತು. ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ, ಒಂದು ಕೈ ಕಿಬ್ಬೊಟ್ಟೆಯ ಮೇಲಿಟ್ಟು, ಇನ್ನೊಂದರಲ್ಲಿ ಆಡತೊಡಗಿದೆ. ಆದರೆ ನಮ್ಮ ಸೀಮೆಯಲ್ಲಿ ಯಾವ ಆಟವೂ ಆಡುವವನ ಸ್ವಂತದ್ದಲ್ಲ. ಜಗಲಿಯ ಮೇಲೆ ಇಬ್ಬರು ಚೌಕಾಬಾರ ಹಾಕಿದರೆ ಸುತ್ತ ನಿಂತವರೇ ಕಾಯಿ ನಡೆಸುತ್ತಾರೆ. ಬಸ್ಸಿನಲ್ಲಿಯೂ ಅದೇ ಆಯಿತು. ಹಿಂದಿನ ಸೀಟಿನಿಂದ ಒಂದು ರುಮಾಲು ನನ್ನ ಭುಜದ ಮೇಲೆ ಬಾಗಿತು.

"ಎಡಕ್ ತಿರುಗ್ಸಿ ಸಾ, ಗ್ವಾಡೆ ಬತ್ತಾ ಅದೆ."

ನಾನು ಬಲಕ್ಕೆ ತಿರುಗಿಸಬೇಕೆಂದಿದ್ದವನು ಆ ಮಾತಿಗೆ ಗಲಿಬಿಲಿಗೊಂಡು ಯಾವ ಕಡೆಗೂ ತಿರುಗಿಸಲಿಲ್ಲ. ಹಾವು ಗೋಡೆಗೆ ಬಡಿದು ಸತ್ತಿತು. ನಮ್ಮ ಬೀದಿಗೆ ಸೊಪ್ಪು ಮಾರಲು ಬರುವ ಚಿಕ್ಕತಾಯಮ್ಮ ಅದೇ ಬಸ್ಸಿನಲ್ಲಿ, ಮಂಕರಿಯನ್ನು ಕಾಲಬಳಿ ಇಟ್ಟುಕೊಂಡು ಎಲ್ಲವನ್ನೂ ನೋಡುತ್ತಿದ್ದಳು. ಮುಂದಿನ ಆಟದಲ್ಲಿ ಹಾವು ತನ್ನ ಬಾಲವನ್ನೇ ಕಚ್ಚಿದಾಗ ಆಕೆ, "ಅಷ್ಟೊಂದ್ ಯಾಕ್ ತಿನ್ಸಕ್ಕೋದ್ರಿ? ಉದ್ದ ಆದ್ರೆ ಎಲ್ಗೋದದು?" ಎಂದಳು. ಕಂಡಕ್ಟರು ಸಹ ಟಿಕೆಟು ಹರಿಯುವುದನ್ನು ನಿಲ್ಲಿಸಿ ತಮ್ಮ ಅಭಿಪ್ರಾಯ ದಾಖಲಿಸಿದರು. ರುಮಾಲಿನ ಯಜಮಾನರು ಮಾತ್ರ ಇಳಿಯುವಾಗ ಮೆಲ್ಲನೆ, "ಓಗ್ಲಿ ಬುಡಿ ಸಾ. ಆದ್ರೂ ಸ್ವಾಮಾರದ್ ದಿನ ಹಾವು ಸಾಯಿಸ್ಬಾರ್ದಿತ್ತು" ಎಂದು ಹೇಳಿ ಕತ್ತಲೆಯಲ್ಲಿ ಮರೆಯಾದರು.

ಮರುದಿನ ಬೆಳಿಗ್ಗೆ ಸೊಪ್ಪಿನೊಂದಿಗೆ ಈ ವರದಿಯೂ ನಮ್ಮ ಮನೆ ತಲುಪಿತು. ನನ್ನ ಹೆಂಡತಿ ರಾಜಮ್ಮ ದಂಟಿನ ಕಟ್ಟು ಹಿಡಿದೇ ಒಳಗೆ ಬಂದು, "ರೀ, ದಿನಾ ಬಸ್ಸಲ್ಲಿ ಹಾವು ಸಾಯಿಸ್ತೀರಂತೆ?" ಎಂದು ಕೇಳಿದಳು. ಅದು ಹಾವಲ್ಲ, ಕೆಲವು ಚುಕ್ಕೆಗಳ ಸಾಲು ಮಾತ್ರವೆಂದು ನಾನು ಸಾಧಾರವಾಗಿ ವಿವರಿಸಿದೆ.

"ಚುಕ್ಕೆ ಅಂತ ತಿಳ್ಕೊಂಡು ಸಾಯಿಸಿದ್ರೋ, ಹಾವು ಅಂತ ತಿಳ್ಕೊಂಡು ಸಾಯಿಸಿದ್ರೋ?"

ಇಷ್ಟು ವರ್ಷಗಳ ಸೇವೆಯಲ್ಲಿ ಯಾವ ಆಡಿಟರೂ ನನ್ನನ್ನು ಇಂಥ ಪ್ರಶ್ನೆಯಿಂದ ಕಟ್ಟಿಹಾಕಿರಲಿಲ್ಲ. ಪರಿಣಾಮವಾಗಿ ಹೊಳೆಯ ಬಳಿಯ ಅರಳಿಮರದ ಕೆಳಗಿನ ನಾಗರಕಲ್ಲುಗಳಿಗೆ ನಾನು ಹಾಲೆರೆಯಬೇಕಾಯಿತು. ಪ್ರತಿ ಕಲ್ಲಿಗೂ ಬಗ್ಗಬೇಕು. ಪ್ರತಿ ಬಾರಿ ಬಗ್ಗಿದಾಗಲೂ ಹರ್ನಿಯಾ ಎದ್ದು ನಿಲ್ಲುತ್ತಿತ್ತು. ಚುಕ್ಕೆಗಳ ಪಾಪಕ್ಕೆ ಕಲ್ಲಿನ ಮುಂದೆ ನೋವಿನಿಂದ ಬಾಗಿದ ಆ ಹೊತ್ತಿನಲ್ಲಿ ನನ್ನ ರಕ್ತದೊತ್ತಡ ಎಷ್ಟಿತ್ತೆಂದು ಯಾರೂ ಅಳೆಯಲಿಲ್ಲ. ಅಳೆದಿದ್ದರೆ ಪಟ್ಟಿಯೇ ಹರಿಯುತ್ತಿತ್ತು.

ಇನ್ನು ಮುಂದೆ ನನ್ನ ಕೈಯಲ್ಲಿ ಜೀವಹಾನಿ ಆಗಬಾರದೆಂದು ರಾಜಮ್ಮ ಸದರಿ ಮೊಬೈಲನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಕರೆ ಬಂದರೆ ಮಾತ್ರ ಕೊಡುತ್ತಿದ್ದಳು. ಒಂದು ದಿನ ನೋಡುತ್ತೇನೆ, ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವವರೆಗೆ ಅವಳೇ ಆಡುತ್ತಿದ್ದಾಳೆ. ಆದರೆ ಅದೆಂಥ ಆಟ! ಹಾವು ಗೋಡೆಯ ಪಕ್ಕದಲ್ಲೇ ಸುತ್ತುತ್ತಿದೆ. ಚುಕ್ಕೆ ನಡುವಿನಲ್ಲಿ ಕಾಯುತ್ತಲೇ ಇದೆ. ಅವಳು ಅತ್ತ ಬಿಡುತ್ತಲೇ ಇಲ್ಲ.

ಡಾಕ್ಟರ ಬಳಿ ಮತ್ತೆ ಒತ್ತಡ ತೋರಿಸಬೇಕಾದ ದಿನ ಅವಳೂ ಜೊತೆಗೆ ಬಂದಳು. ಈ ಸಲ ಒತ್ತಡ ಇಳಿದಿದ್ದರೆ ಆಪರೇಷನ್ನಿಗೆ ದಿನ ಗೊತ್ತುಮಾಡುತ್ತೇನೆಂದು ಡಾಕ್ಟರು ಭರವಸೆ ಕೊಟ್ಟಿದ್ದರು. ಮಾತ್ರೆಯನ್ನು ತಪ್ಪದೆ ನುಂಗಿದ್ದೆ, ಉಪ್ಪು ಬಿಟ್ಟಿದ್ದೆ, ಪಕ್ಕದ ಮನೆಯ ಸ್ಕೂಟರಿಗೂ ಒಂದು ಮಾತು ಆಡಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಶಾಂತನಾಗಿ ಕುಳಿತೆ. ಪಕ್ಕದಲ್ಲಿ ಟಿಕ್ ಟಿಕ್ ಎಂದು ಶಬ್ದವಾಯಿತು. ಕಣ್ಣು ಬಿಟ್ಟೆ. ಹಾವು ಗೋಡೆಯ ಪಕ್ಕದಲ್ಲಿ ಸುತ್ತುತ್ತಿತ್ತು. ಚುಕ್ಕೆ ಹಾಗೆಯೇ ಬಿದ್ದಿತ್ತು. ಸುಮ್ಮನಿರಬೇಕೆಂದು ಬಹಳ ಪ್ರಯತ್ನಿಸಿದೆನೆಂಬುದನ್ನು ದಯಮಾಡಿ ಗಮನಿಸಬೇಕು.

"ತಿನ್ನಿಸೇ ಅದನ್ನ" ಎಂದೆ.

"ಅದಕ್ಕೆ ಹಸಿವಿಲ್ಲ."

"ತಿನ್ನದಿದ್ರೆ ಅಂಕ ಹೇಗೆ ಬರುತ್ತೆ?"

"ಅಂಕ ಯಾರಿಗ್ ಬೇಕು? ಅದ್ರ ಪಾಡಿಗೆ ಅದು ಓಡಾಡ್ಕೊಂಡಿದೆ. ನೀವ್ಯಾಕ್ರೀ ಹಿಂಗಾಡ್ತೀರಾ?"

ಎಡಕ್ಕೆ ತಿರುಗಿಸು ಎಂದೆ. ತಿರುಗಿಸಲಿಲ್ಲ. ಎದ್ದು ಅವಳ ಹಿಂದೆ ನಿಂತು, ಭುಜದ ಮೇಲೆ ಬಾಗಿ, ಬೆರಳು ತೋರಿಸಿ ಮತ್ತೆ ಹೇಳಿದೆ. ಬೆಂಚಿನ ಮೇಲಿದ್ದ ಇತರ ರೋಗಿಗಳೂ ನನ್ನ ಅಭಿಪ್ರಾಯಕ್ಕೆ ಸಹಮತ ಸೂಚಿಸಿ ಹತ್ತಿರ ಸರಿದರು. ಅದೇ ವೇಳೆಗೆ ನನ್ನ ಹೆಸರು ಕರೆದರು.

ಡಾಕ್ಟರು ಪಟ್ಟಿ ಸುತ್ತಿ ಗಾಳಿ ತುಂಬಿದರು. ಪಾದರಸದ ಕಡ್ಡಿ ನೋಡಿದರು, ನನ್ನನ್ನು ನೋಡಿದರು, ಮತ್ತೊಮ್ಮೆ ಗಾಳಿ ತುಂಬಿದರು. ಆಮೇಲೆ ಏನೆನ್ನಿಸಿತೋ, ಹಾವು ಓಡಿಸುತ್ತಲೇ ಒಳಗೆ ಬಂದಿದ್ದ ರಾಜಮ್ಮನ ತೋಳಿಗೂ ಒಮ್ಮೆ ಸುತ್ತಿ ನೋಡಿ ತೃಪ್ತಿಯಿಂದ ತಲೆಯಾಡಿಸಿದರು.

"ಇವರಿಗಾದ್ರೆ ನಾಳೇನೇ ಆಪರೇಷನ್ ಮಾಡಬಹುದು ಸ್ವಾಮಿ" ಎಂದರು.

ಆದರೆ ಹರ್ನಿಯಾ ನನ್ನ ಹೆಸರಿನಲ್ಲಿದೆ, ಮತ್ತು ಅದನ್ನು ವರ್ಗಾಯಿಸಲು ಅವಕಾಶವಿಲ್ಲವೆಂದು ತಿಳಿದುಬಂದಿದೆ.