ಯಾರಿಗೂ ಗೊತ್ತಾಗದ ಹಾಗೆ ಪರದೆ ಬದಲಾಯಿಸಿದ್ದು

ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದಲ್ಲಿರುವವರು ನಗು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ನಗುವೇ ದೂರಿನ ಟಿಕೆಟ್ ನಂಬರ್ ಹಾಕಿಸಿಕೊಂಡು ನಮ್ಮ ಮೇಜಿಗೆ ಬಂದು ಕೂರುತ್ತದೆ. ಅಮೆರಿಕದ ಪಸಡೀನಾದ ಒಂದು ಸಂಶೋಧನಾ ಲ್ಯಾಬಿನಲ್ಲಿ ನನಗೆ ಈ ಕೆಲಸ. ನನ್ನ ಕೆಲಸದ ಬಗ್ಗೆ ನನಗೆ ಜಂಬ ಇದೆ ಎಂದು ಮನೆಯವರು ಹೇಳುತ್ತಾರೆ. ಇದೆ, ಏನೀಗ? ಮುಂದಿನದನ್ನು ಓದಿ ನೀವೇ ಹೇಳಿ.

೧. ಕೊಟ್ಟ ಮಾತು

ನಮ್ಮ ಲ್ಯಾಬಿನಲ್ಲಿರುವುದೆಲ್ಲ ಲಿನಕ್ಸ್ ಎಂಬ ತಂತ್ರಾಂಶದಲ್ಲಿ ನಡೆಯುವ ಕಂಪ್ಯೂಟರುಗಳು. ಅವುಗಳ ಪರದೆಯ ಮೇಲೆ ವಿಂಡೋಗಳನ್ನು ಮೂಡಿಸುತ್ತಿದ್ದದ್ದು 'ಎಕ್ಸ್' ಎಂಬ ವ್ಯವಸ್ಥೆ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗಲೇ ಹುಟ್ಟಿದ್ದು ಅದು. ದುಡಿದು ದುಡಿದು ಹಣ್ಣಾಗಿತ್ತು. ಎರಡು ಮಾನಿಟರ್ ಹಾಕಿದರೆ ಒಂದರಲ್ಲಿ ಅಕ್ಷರ ಇರುವೆಯಷ್ಟು, ಇನ್ನೊಂದರಲ್ಲಿ ಆನೆಯಷ್ಟು. ವಿಡಿಯೋ ಓಡಿಸಿದರೆ ಚಿತ್ರ ನಡುವೆ ಹರಿದಂತೆ ಕಾಣುತ್ತಿತ್ತು. ಅದರ ಜಾಗಕ್ಕೆ 'ವೇಲ್ಯಾಂಡ್' ಎಂಬ ಹೊಸದು ಬಂದಿತ್ತು.

ಮೀಟಿಂಗಿನಲ್ಲಿ ಎದ್ದು ನಿಂತು, "ಎಲ್ಲ ಮಷೀನನ್ನೂ ಹೊಸದಕ್ಕೆ ತರ್ತೀನಿ, ಬದಲಾಗಿದ್ದು ಯಾರಿಗೂ ಗೊತ್ತೇ ಆಗಲ್ಲ" ಎಂದುಬಿಟ್ಟೆ. ಮ್ಯಾನೇಜರ್ ಅಮೆರಿಕನ್, ಕಟ್ಟುನಿಟ್ಟಿನ ಮನುಷ್ಯ. "ಸರಿ. ಆದರೆ ಎರಡೆರಡು ವ್ಯವಸ್ಥೆ ಸಾಕೋದು ನಮ್ಮಿಂದ ಆಗಲ್ಲ. ಬೇಸಿಗೆ ಮುಗಿದಾಗ ಒಂದೇ ಒಂದು ಮಷೀನ್ ಹಳೆಯದರಲ್ಲಿ ಉಳಿದರೂ ಎಲ್ಲವನ್ನೂ ವಾಪಸ್ ಹಳೆಯದಕ್ಕೇ ಹಾಕು. ಮತ್ತೆ, ಸೀನಿಯರ್ ವಿಜ್ಞಾನಿಗಳ ಮೇಲೆ ಬಲವಂತ ಬೇಡ" ಎಂದರು.

ಬಲವಂತ ಬೇಡ ಎಂದದ್ದು ಯಾರ ಬಗ್ಗೆ ಎಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಲ್ಯಾಬಿನಲ್ಲಿ ಧಾರವಾಡದ ಸರ್ ಒಬ್ಬರಿದ್ದಾರೆ. ಧೂಳಿನ ಚಲನೆಯನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವವರು, ಹೊರಗಡೆ ದೊಡ್ಡ ಹೆಸರು. ಮೀಟಿಂಗ್ ಮುಗಿಯುತ್ತಲೇ ನನ್ನ ಹತ್ತಿರ ಬಂದರು.

"ನೋಡ್ರಿ ಮೇಡಂ, ಇಪ್ಪತ್ತೈದು ವರ್ಷ ಆತು ನಾ ಎಕ್ಸ್ ಮ್ಯಾಲೆ ಕೆಲಸ ಮಾಡಾಕತ್ತು. ಎಲ್ಲಾರದೂ ಬದಲು ಮಾಡ್ರಿ, ನನ್ನ ಮಷೀನ್ ಮಾತ್ರ ಮುಟ್ಟಬ್ಯಾಡ್ರಿ."

"ಬದಲಾಗಿದ್ದು ನಿಮಗೆ ಗೊತ್ತೇ ಆಗಲ್ಲ ಸರ್."

"ನನಗ? ಐದು ನಿಮಿಷದಾಗ ಹಿಡೀತೀನಿ!"

ಅವತ್ತು ಮಧ್ಯಾಹ್ನ ನನ್ನ ಡಬ್ಬಿಯ ಚಿತ್ರಾನ್ನ ಡಬ್ಬಿಯಲ್ಲೇ ಉಳಿಯಿತು.

೨. ಎರಡು ಗಂಟೆ, ಒಂದು ಬಟನ್

ಮೊದಲ ದೂರು ಸ್ಯಾನ್ ಡಿಯಾಗೋದ ನಮ್ಮ ಶಾಖೆಯಿಂದ ಬಂತು. ಅಲ್ಲೊಬ್ಬ ಪೋಸ್ಟ್‌ಡಾಕ್, ಪಿಎಚ್‌ಡಿ ಮುಗಿಸಿ ಸಂಶೋಧನೆಗೆ ಬಂದ ಮೈಸೂರಿನ ಹುಡುಗ. "ಮೀಟಿಂಗಲ್ಲಿ ಸ್ಕ್ರೀನ್ ಶೇರ್ ಆಗ್ತಾನೇ ಇಲ್ಲ ಮೇಡಂ. ಹೊಸದು ಕೆಟ್ಟಿದೆ. ಹಳೇದೇ ಹಾಕಿಕೊಡಿ" ಎಂದ. ಹಳೆಯದು ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿದ್ದ ಕಾಲ ಅದು. ಕಾರು ಹತ್ತಿದೆ. ಎರಡು ಗಂಟೆ ಡ್ರೈವ್ ಮಾಡಿ, ಅವನ ಪಕ್ಕ ನಿಂತು, "ಶೇರ್ ಮಾಡು, ನೋಡೋಣ" ಎಂದೆ.

ಮಾಡಿದ. ಪರದೆಯ ಮೇಲೆ ಒಂದು ಪೆಟ್ಟಿಗೆ ಮೂಡಿತು: ಯಾವ ವಿಂಡೋ ತೋರಿಸಲಿ? ಹೊಸ ವ್ಯವಸ್ಥೆ ಮರ್ಯಾದಸ್ಥ, ಕೇಳದೆ ಯಾರ ಪರದೆಯನ್ನೂ ಯಾರಿಗೂ ತೋರಿಸುವುದಿಲ್ಲ. ನಮ್ಮ ಹುಡುಗ ಕಣ್ಣು ಮಿಟುಕಿಸುವಷ್ಟರಲ್ಲಿ 'ಬೇಡ' ಒತ್ತಿಬಿಟ್ಟ.

"ನೋಡಿ ಮೇಡಂ, ಆಗ್ತಿಲ್ಲ."

"ಈಗ ಒಂದು ಪ್ರಶ್ನೆ ಬಂತಲ್ಲ, ಏನು ಕೇಳ್ತು?"

"ಪ್ರಶ್ನೆನಾ? ಅದೇನೋ ಬರುತ್ತೆ ಮೇಡಂ, ಡೈಲಿ ಕ್ಲೋಸ್ ಮಾಡ್ತೀನಿ."

ಅವನ ಕೈಯಲ್ಲೇ 'ಸರಿ' ಒತ್ತಿಸಿ, ಮತ್ತೆ ಎರಡು ಗಂಟೆ ಡ್ರೈವ್ ಮಾಡಿಕೊಂಡು ಬಂದೆ. ಅವನ ಪಿಎಚ್‌ಡಿ ಯಾವ ವಿಷಯದಲ್ಲಿ ಎಂದು ಆಮೇಲೆ ವಿಚಾರಿಸಿದೆ. ಮನುಷ್ಯರು ಎಚ್ಚರಿಕೆಯ ಫಲಕಗಳನ್ನು ಯಾಕೆ ಓದುವುದಿಲ್ಲ ಎಂಬುದರ ಮೇಲಂತೆ.

೩. ಬಾಯಿಗೊಂದು ಪೆಟ್ಟಿಗೆ

ಅದೇ ಸ್ಯಾನ್ ಡಿಯಾಗೋದ ಕಾರ್ಮೆಲ್ ವ್ಯಾಲಿಯಲ್ಲಿ ನನಗೆ ಬೇಕಾದ ಆಂಟಿ ಒಬ್ಬರಿದ್ದಾರೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಆನ್‌ಲೈನಿನಲ್ಲಿ ಕನ್ನಡ ಕಲಿಸುತ್ತಾರೆ. ಅವರ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟವಳು ನಾನೇ. ಒಮ್ಮೆ ಕ್ಲಾಸಿನ ನಡುವೆ ಪರದೆ ಪೂರ್ತಿ ಶೇರ್ ಆಗಿ, ಅವರು ತಂಗಿಗೆ ಬರೆಯುತ್ತಿದ್ದ ಮೆಸೇಜು ಇಡೀ ಕ್ಲಾಸಿಗೆ ಕಂಡುಬಿಟ್ಟಿತ್ತು: "ನಮ್ಮ ಬೀದಿ ಕೊನೆ ಮನೆ ಹುಡುಗನ ಅಮ್ಮ ಅವನಿಗಿಂತ ಜಾಸ್ತಿ ಮಾತಾಡ್ತಾಳೆ." ಆ ಅಮ್ಮ ಮಗನ ಪಕ್ಕದಲ್ಲೇ ಕೂತಿದ್ದರು.

ನಾನು ಹೋಗಿ ವೇಲ್ಯಾಂಡ್ ಹಾಕಿಕೊಟ್ಟೆ. "ಇನ್ಮೇಲೆ ನೀವು ಆರಿಸಿದ ವಿಂಡೋ ಒಂದು ಬಿಟ್ಟು ಬೇರೇನೂ ಕಾಣಲ್ಲ ಆಂಟಿ, ನಿಶ್ಚಿಂತೆಯಾಗಿರಿ." ಆಂಟಿಗೆ ಸಂತೋಷವೋ ಸಂತೋಷ. ಮುಂದಿನ ಕ್ಲಾಸಿನಲ್ಲಿ ವರ್ಣಮಾಲೆಯ ವಿಂಡೋ ಒಂದನ್ನೇ ಆರಿಸಿದರು. ಆಮೇಲೆ ಪಕ್ಕದ ಕೋಣೆಯಲ್ಲಿದ್ದ ಅಂಕಲ್‌ಗೆ ಕೂಗಿ ಹೇಳಿದರು: "ರೀ, ಇನ್ನು ಆ ಬಾಯಿಬಡುಕಿಗೆ ಏನೂ ಕಾಣಲ್ಲ!"

ಮೈಕು ಆನ್ ಇತ್ತು. ಸಂಜೆ ಆಂಟಿ ನನಗೆ ಫೋನ್ ಮಾಡಿ ಕೇಳಿದರು, "ಮಾತಾಡೋಕೆ ಮುಂಚೆನೂ ಒಂದು ಪೆಟ್ಟಿಗೆ ಬಂದು ಕೇಳೋ ಹಾಗೆ ಮಾಡಕ್ಕಾಗತ್ತೇನೇ?"

೪. ತಲೆಸುತ್ತಿನ ಟಿಕೆಟ್

ಲ್ಯಾಬಿನ ಇಂಜಿನಿಯರ್ ಒಬ್ಬರು ವಾಲ್‌ನಟ್ ಎಂಬ ಊರಿನಿಂದ ಬರುತ್ತಾರೆ, ಬೆಂಗಳೂರಿನವರು, ಬಹಳ ಸಭ್ಯರು. ಅವರ ಟಿಕೆಟ್: 'ಹೊಸ ವ್ಯವಸ್ಥೆ ಬಂದ ಮೇಲೆ ತಲೆಸುತ್ತು.' ಆರೋಗ್ಯದ ದೂರು ಮ್ಯಾನೇಜರ್ ಕಿವಿಗೆ ಬಿದ್ದರೆ ಅಲ್ಲಿಗೆ ಎಲ್ಲ ಮುಗಿಯಿತು.

ಹೋಗಿ ನೋಡಿದೆ. ಪರದೆ ಕನ್ನಡಿಯ ಹಾಗಿತ್ತು, ಎರಡೂ ಮಾನಿಟರಿನಲ್ಲಿ ಅಕ್ಷರ ಒಂದೇ ಸೈಜು. ಅವರ ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ.

"ಈ ಕನ್ನಡಕ ಯಾವಾಗ ಮಾಡಿಸಿದ್ರಿ?"

"ಹೋದ ವರ್ಷ. ಆ ಸಣ್ಣ ಅಕ್ಷರ ಓದಕ್ಕಾಗದೆ ಇದಕ್ಕೇ ಅಂತಾನೇ ಮಾಡಿಸಿದ್ದು."

"ಒಂದು ಸಲ ತೆಗೀರಿ."

ತೆಗೆದರು. ಪರದೆ ನೋಡಿದರು, ನನ್ನ ನೋಡಿದರು, ಮತ್ತೆ ಪರದೆ ನೋಡಿದರು. ಟಿಕೆಟ್ ಮುಚ್ಚುವಾಗ ಪರಿಹಾರದ ಜಾಗದಲ್ಲಿ ಬರೆದೆ: ಕನ್ನಡಕ ತೆಗೆಸಲಾಯಿತು.

೫. ಕೊನೆಯ ಮಷೀನ್

ಬೇಸಿಗೆ ಮುಗಿಯುತ್ತಾ ಬಂತು. ನನ್ನ ಪಟ್ಟಿಯಲ್ಲಿ ಉಳಿದದ್ದು ಧಾರವಾಡದ ಸರ್ ಮಷೀನ್ ಒಂದೇ. ದಿನಾ ಕಾಫಿ ಮಷೀನಿನ ಹತ್ತಿರ ಸಿಕ್ಕಾಗ ಅವರ ಮಾತು ಒಂದೇ: "ನಂದು ನೋಡ್ರಿ, ಎಷ್ಟ ಮಸ್ತ್ ನಡದದ! ಹಳೇದು ಹಳೇದೇ." ನಾನು ಹಲ್ಲು ಕಚ್ಚಿಕೊಂಡು ಕಾಫಿ ಕುಡಿಯುತ್ತಿದ್ದೆ.

ಕೊನೆಯ ದಿನ ಮ್ಯಾನೇಜರ್ ನನ್ನನ್ನು ಕರೆದುಕೊಂಡು ಸರ್ ಕೋಣೆಗೇ ಹೋದರು. ಸರ್ ಒಪ್ಪದಿದ್ದರೆ ಅಲ್ಲೇ ಪ್ರಾಜೆಕ್ಟ್ ಮುಚ್ಚುವುದು, ನನ್ನ ಇಷ್ಟು ದಿನದ ದುಡಿಮೆ ನೀರುಪಾಲು. ಸರ್ ಉತ್ಸಾಹದಿಂದ ಎರಡು ಮಾನಿಟರಿಗೂ ಹರಡಿ ಧೂಳಿನ ವಿಡಿಯೋ ಓಡಿಸಿದರು.

"ಎಲ್ಲ್ಯರ ಹರೀತದೇನು ನೋಡ್ರಿ! ಅಕ್ಷರ ನೋಡ್ರಿ, ಮುತ್ತು ಪೋಣಿಸಿದಂಗ! ನಿಮ್ಮ ಹೊಸಾದರಾಗ ಹಿಂಗ ಬರ್ತದೇನು?"

ನನಗೆ ಅನುಮಾನ ಬಂತು. ಎಕ್ಸ್ ಯಾವತ್ತೂ ಇಷ್ಟು ಚೆನ್ನಾಗಿ ನಡೆದದ್ದಿಲ್ಲ. "ಸರ್, ಒಂದು ನಿಮಿಷ" ಎಂದು ಯಾವ ವ್ಯವಸ್ಥೆ ಓಡುತ್ತಿದೆ ಎಂದು ಕೇಳುವ ಒಂದು ಸಾಲನ್ನು ಅವರ ಕೀಬೋರ್ಡಿನಲ್ಲಿ ಟೈಪ್ ಮಾಡಿದೆ. ಉತ್ತರ ಬಂತು: ವೇಲ್ಯಾಂಡ್.

"ಸರ್, ಮೂರು ತಿಂಗಳ ಹಿಂದೆ ನಿಮ್ಮದೂ ಸೇರಿ ಎಲ್ಲಾ ಮಷೀನ್ ಅಪ್‌ಗ್ರೇಡ್ ಆದಾಗ ನಾನು ಮೇಲ್ ಹಾಕಿದ್ದೆ. ಹಳೇದೇ ಬೇಕಾದವರು ಲಾಗಿನ್ ಪರದೆಯ ಮೂಲೇಲಿರೋ ಗೇರ್ ಚಿತ್ರ ಒತ್ತಿ ಎಕ್ಸ್ ಆರಿಸ್ಕೊಳ್ಳಿ, ಸುಮ್ಮನಿದ್ದರೆ ಹೊಸದು ಬರುತ್ತೆ ಅಂತ. ನೀವು ಆರಿಸಿಕೊಂಡಿದ್ದೀರಿ ಅಂತಲೇ ನಾನು ತಿಳಿದಿದ್ದೆ."

ಸರ್ ಮುಖ ಸಣ್ಣದಾಯಿತು. "ಮೇಲ್‌ನಾಗ ವೇಲ್ಯಾಂಡ್ ಅಂತ ಹೆಸರಿದ್ರ ಸೀದಾ ಕಸದ ಬುಟ್ಟಿಗೆ ಹೋಗೂ ಹಂಗ ಸೆಟ್ ಮಾಡಿಟ್ಟೇನ್ರಿ."

ಐದು ನಿಮಿಷದಲ್ಲಿ ಹಿಡಿಯುತ್ತೇನೆ ಎಂದವರು ಮೂರು ತಿಂಗಳು ಅದರ ಮೇಲೇ ಕೂತು ನನ್ನನ್ನು ಹಂಗಿಸಿದ್ದರು! ಎದೆ ಉಬ್ಬಿ ಬಂತು, ಮುಚ್ಚಿಡುವುದೇಕೆ. ಆದರೆ ಸರ್ ಅಷ್ಟಕ್ಕೆ ಬಿಡುವವರಲ್ಲ. "ತಡೀರಿ, ನನ್ನ ಎಕ್ಸ್ ಹಾಕಿ ತೋರಸ್ತೀನಿ" ಎಂದು ಲಾಗ್‌ಔಟ್ ಮಾಡಿ, ಗೇರ್ ಒತ್ತಿ, ಹಳೆಯದಕ್ಕೆ ಹೋಗಿ ಅದೇ ವಿಡಿಯೋ ಓಡಿಸಿದರು. ಧೂಳು ನಡುವಿನಲ್ಲಿ ಎರಡು ತುಂಡಾಯಿತು. ಒಂದು ಮಾನಿಟರಿನಲ್ಲಿ ಇರುವೆ, ಇನ್ನೊಂದರಲ್ಲಿ ಆನೆ.

"ಛೇ ಛೇ, ಇದರಾಗ ಹೆಂಗ್ ಕೆಲಸ ಮಾಡೂದ್ರೀ! ನನ್ನ ಮೊದಲಿಂದು ನನಗ ವಾಪಸ್ ಕೊಡ್ರಿ!"

ಕನ್ನಡ ಬಾರದ ಮ್ಯಾನೇಜರ್ ನನ್ನ ಮುಖ ನೋಡಿದರು. ಸರ್ ಹೊಸದೇ ಬೇಕು ಎಂದು ಒತ್ತಾಯ ಮಾಡುತ್ತಿದ್ದಾರೆ ಎಂದು ಹೇಳಿದೆ. ಸರ್ ತಲೆ ತಗ್ಗಿಸಿಕೊಂಡೇ ಹೌದೆಂದರು. ಮ್ಯಾನೇಜರ್ ಕೆಲಸ ಪೂರ್ತಿಯಾಯಿತೆಂದು ಅಲ್ಲೇ ಸಹಿ ಹಾಕಿದರು.

ಸಂಜೆ ನಾನು ಸರ್‌ಗೆ ಮನಸಾರೆ ಒಂದು ಮೇಲ್ ಬರೆದೆ: 'ವೇಲ್ಯಾಂಡ್ ಒಪ್ಪಿಕೊಂಡಿದ್ದಕ್ಕೆ ಧನ್ಯವಾದ.' ಅದು ಇವತ್ತಿಗೂ ಅವರಿಗೆ ತಲುಪಿಲ್ಲ.